ಟಿವಿ ನೋಡುತ್ತಾ ವ್ಯಾಯಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಅಪ್ಪನ ಕೆರೆಯ ಸುತ್ತ ನಡೆಯುವಾಗ, ಪಾಲಕರ ಸಭೆ ಮುಗಿದ ಮೇಲೆ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪ್‌ನಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಹೆಚ್ಚಿನವರದ್ದು ಒಂದೇ ಕಥೆ. ಹೊರಗೆ ಹೋಗಲು ಆಗುವುದಿಲ್ಲ, ಮನೆಯಲ್ಲಿ ಮಾಡಲು ಹೊತ್ತು ಸಿಗುವುದಿಲ್ಲ, ಆದರೆ ರಾತ್ರಿ ಸೀರಿಯಲ್ ಮಾತ್ರ ತಪ್ಪುವುದಿಲ್ಲ. ಹಾಗಾದರೆ ಆ ತಪ್ಪದ ಹೊತ್ತನ್ನೇ ಹಿಡಿಯೋಣ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡುವ ಮುಂಚೆ

ಟಿವಿ ನೋಡ್ತಾ ಮಾಡಿದ್ರೆ ಅದು ವ್ಯಾಯಾಮ ಅನ್ನಿಸಿಕೊಳ್ಳುತ್ತಾ ರೀ?

ಅನ್ನಿಸಿಕೊಳ್ಳುತ್ತದೆ. ನೀವು ಏನು ನೋಡುತ್ತಿದ್ದೀರಿ ಅನ್ನುವುದು ತೊಡೆಯ ಸ್ನಾಯುವಿಗೆ ಗೊತ್ತಾಗುವುದಿಲ್ಲ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮುಂಚೆ ಅವರು ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆಗಬೇಕು ಅನ್ನುತ್ತಿದ್ದರು. ಆ ಷರತ್ತನ್ನು ಈಗ ಕೈಬಿಟ್ಟಿದ್ದಾರೆ. ಮೂರು ನಿಮಿಷದ ಜಾಹೀರಾತಿನಲ್ಲಿ ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ.

ಸಾಧಾರಣ ಬಿರುಸು ಅಂದರೆ ಎಷ್ಟು? ಮಾಡುತ್ತಿರುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಸೀರಿಯಲ್‌ನ ಹಾಡನ್ನು ಜೊತೆಗೆ ಹಾಡಲು ಆಗಬಾರದು. ಅಷ್ಟು ಉಸಿರು ಏರಿದರೆ ಸರಿಯಾದ ಬಿರುಸು.

ಮುಂಜಾನೆಯಿಂದ ರಾತ್ರಿವರೆಗೂ ಮನೆಗೆಲಸ ಮಾಡ್ತೀನಿ. ಮತ್ತೆ ಬೇರೆ ವ್ಯಾಯಾಮ ಯಾಕೆ?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ತುಂಬಾ ಗೌರವ. ಅವರು ನಿಜವನ್ನೇ ಹೇಳುತ್ತಿದ್ದಾರೆ. ಕಸ ಗುಡಿಸುವುದು, ನೀರು ಹೊರುವುದು, ಬಟ್ಟೆ ಒಗೆಯುವುದು ಎಲ್ಲ ಶ್ರಮವೇ. ಉಸಿರು ಏರುವಂತೆ ಮಾಡಿದರೆ ಅದನ್ನು 150 ನಿಮಿಷದಲ್ಲಿ ಸೇರಿಸಿಕೊಳ್ಳಿ.

ಆದರೆ ಮನೆಗೆಲಸ ದೇಹವನ್ನು ಒಂದೇ ಕಡೆ ಬಾಗಿಸುತ್ತದೆ. ಜೋಳದ ರೊಟ್ಟಿ ಬಡಿಯುವುದನ್ನೇ ನೋಡಿ. ಹಿಟ್ಟು ನಾದುವಾಗ ಭುಜ ಮುಂದಕ್ಕೆ, ಬಡಿಯುವಾಗ ಕತ್ತು ಕೆಳಗೆ, ಬೇಯಿಸುವಾಗ ಬೆನ್ನು ಗೂನು. ಹತ್ತು ಜನರ ಮನೆಯಲ್ಲಿ ದಿನಕ್ಕೆ ಇಪ್ಪತ್ತೈದು ಮೂವತ್ತು ರೊಟ್ಟಿ ಆಗುತ್ತವೆ. ಪಾತ್ರೆ ತೊಳೆಯುವಾಗಲೂ, ನೆಲ ಒರೆಸುವಾಗಲೂ ಅದೇ ಬಾಗು. ಭುಜ ಹಿಂದಕ್ಕೆ ಹೋಗುವ, ಬೆನ್ನು ನೆಟ್ಟಗಾಗುವ ಕೆಲಸ ಅಡುಗೆಮನೆಯಲ್ಲಿ ಒಂದೂ ಇಲ್ಲ. ನಲವತ್ತು ದಾಟಿದ ಮೇಲೆ "ಬೆನ್ನು ಹಿಡಿದಿದೆ" ಅನ್ನುವವರಿಗೆ ಇದೂ ಒಂದು ಕಾರಣ ಇರಬಹುದು.

ಹಾಗಾಗಿ ಮನೆಗೆಲಸ ಮಾಡುವವರಿಗೆ ನಾನು ಹೇಳುವ ವ್ಯಾಯಾಮವೇ ಬೇರೆ. ಟಿವಿ ಮುಂದೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ. ತಲೆ, ಭುಜ, ಸೊಂಟ ಗೋಡೆಗೆ ತಾಗಲಿ. ಎರಡೂ ಕೈ ಮೊಣಕೈಯಲ್ಲಿ ಮಡಚಿ, ಗೋಡೆಗೆ ತಾಗಿಸಿಕೊಂಡೇ ಮೇಲೆ ಕೆಳಗೆ ಸರಿಸಿ. ಹತ್ತು ಸಲ. ಎರಡು ವಾರದಲ್ಲಿ ರೊಟ್ಟಿ ಮಾಡುವಾಗ ಭುಜ ಹಗುರ ಅನ್ನಿಸತೊಡಗುತ್ತದೆ ಎಂದು ಎಷ್ಟೋ ಜನ ಬಂದು ಹೇಳಿದ್ದಾರೆ.

ನಾನೇನು ದಪ್ಪ ಇಲ್ಲ. ಸುಮ್ನೆ ಕೂತರೆ ಏನು ತೊಂದರೆ?

1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್‌ನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಚಾಲಕರು ದಿನವಿಡೀ ಕೂತಿರುತ್ತಿದ್ದರು. ಕಂಡಕ್ಟರ್‌ಗಳು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಹೃದಯದ ಕಾಯಿಲೆ ಚಾಲಕರಲ್ಲಿ ಜಾಸ್ತಿ ಕಂಡುಬಂತು. ಬಸ್ಸು ಒಂದೇ, ಊರು ಒಂದೇ, ಕೂತವರಿಗೂ ಓಡಾಡಿದವರಿಗೂ ಅಷ್ಟು ಫರಕು. ನಮ್ಮ ಊರು ಕಲ್ಯಾಣ ಕರ್ನಾಟಕ ಸಾರಿಗೆಯ ಕೇಂದ್ರ ಕಚೇರಿ ಇರುವ ಊರು. ಪಾಲಕರ ಸಭೆಗೆ ಬರುವ ಚಾಲಕ ಅಣ್ಣಂದಿರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ತೂಕ ಕಡಿಮೆ ಇದ್ದ ಮಾತ್ರಕ್ಕೆ ಕೂತೇ ಇರುವುದರ ತೊಂದರೆ ತಪ್ಪುವುದಿಲ್ಲ.

ಟಿವಿ ನೋಡೋದನ್ನೇ ಬಿಡಿ ಅಂತ ಹೇಳಬೇಕಲ್ವಾ ನೀವು?

ಹೇಳುವುದಿಲ್ಲ. ನಮ್ಮ ಜಿಲ್ಲೆಗೆ ಟಿವಿ ಬಂದದ್ದೇ ಕಲಿಸಲಿಕ್ಕೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಆಗಿನ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಆಗ ಯಾದಗಿರಿಯೂ ಗುಲ್ಬರ್ಗದಲ್ಲೇ ಇತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕಿಂತ ಮುಂಚೆಯೇ ನಮ್ಮ ಹಳ್ಳಿಗಳ ಜನ ಊರಿಗೆಲ್ಲ ಒಂದೇ ಟಿವಿ ಮುಂದೆ ಕೂತು ಬೇಸಾಯ, ಆರೋಗ್ಯದ ಪಾಠ ನೋಡಿದ್ದರು.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ದಿನದಲ್ಲಿ ಸಿಗುವ ಸ್ವಂತ ಹೊತ್ತು ಅದೊಂದೇ. ಅದನ್ನು ಕಿತ್ತುಕೊಳ್ಳುವ ಸಲಹೆ ನಾನು ಕೊಡಲಾರೆ.

ಬೆಳಿಗ್ಗೆ ವಾಕಿಂಗ್ ಬಿಟ್ಟು ಇದನ್ನೇ ಮಾಡಲಾ?

ಬೇಡ. ವಾಕಿಂಗ್‌ಗೆ ಹೋಗಲು ಆಗುತ್ತಿದ್ದರೆ ಹೋಗಿ. ಬಿಸಿಲು ಸಿಗುತ್ತದೆ, ನಾಲ್ಕು ಜನ ಸಿಗುತ್ತಾರೆ. ಇದು ಅದರ ಜೊತೆಗೆ.

## ದಿನದ ರೂಢಿ

ಮೊದಲನೇ ದಿನ ಏನು ಮಾಡಲಿ? ಸೀರಿಯಲ್ ನಡೆಯುವಾಗಲಾ, ಜಾಹೀರಾತು ಬಂದಾಗಲಾ?

ಮೊದಲ ತಿಂಗಳು ಜಾಹೀರಾತಿನಲ್ಲಿ ಮಾತ್ರ ಮಾಡಿ. ಸೀರಿಯಲ್ ನಡೆಯುವಾಗ ಆರಾಮಾಗಿ ಕೂತು ನೋಡಿ. ಕಥೆ ತಪ್ಪುತ್ತದೆ ಅನ್ನುವ ಚಿಂತೆ ಇದ್ದರೆ ಮೂರನೇ ದಿನಕ್ಕೇ ಬಿಡುತ್ತೀರಿ.

ಮೊದಲನೇ ಜಾಹೀರಾತು ಬಂದಾಗ ಎದ್ದು ನಿಂತಲ್ಲೇ ನಡೆಯಿರಿ. ಮೊಣಕಾಲು ಸೊಂಟದವರೆಗೆ ಏರಬೇಕಿಲ್ಲ, ಅರ್ಧ ದಾರಿ ಮೇಲೆ ಬಂದರೂ ಸಾಕು, ಕೈ ಮಾತ್ರ ಚೆನ್ನಾಗಿ ಬೀಸಿ. ಎರಡನೆಯದರಲ್ಲಿ ಕುರ್ಚಿಯಿಂದ ಏಳುವುದು, ಕೂರುವುದು, ಹತ್ತು ಸಲ. ಧೊಪ್ಪೆಂದು ಕೂರಬೇಡಿ. ನಿಧಾನ ಕೂರುವುದರಲ್ಲೇ ತೊಡೆಗೆ ಕೆಲಸ ಇರುವುದು. ಮೂರನೆಯದರಲ್ಲಿ ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಹದಿನೈದು ಸಲ. ಅಷ್ಟೇ.

ಲೆಕ್ಕ ಹೀಗಿದೆ. ನಿಯಮದ ಪ್ರಕಾರ ಚಾನೆಲ್‌ಗಳು ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ. ಹತ್ತು ನಿಮಿಷ ಬೇರೆಯವರದ್ದು, ಎರಡು ನಿಮಿಷ ಚಾನೆಲ್‌ನ ತನ್ನದೇ. ಆ 12 ನಿಮಿಷವನ್ನೇ ಹಿಡಿದರೂ ದಿನಕ್ಕೆ ಎರಡು ಅರ್ಧ ಗಂಟೆಯ ಸೀರಿಯಲ್, ವಾರಕ್ಕೆ ಆರು ದಿನ ಅಂದರೆ 72 ನಿಮಿಷ. ವಾರಕ್ಕೆ ಬೇಕಾದ 150ರಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಸಿಕ್ಕಿತು.

ನಾವು ಮೊಬೈಲ್‌ನಲ್ಲಿ ನೋಡ್ತೀವಿ, ಜಾಹೀರಾತೇ ಬರಲ್ಲ.

ಮೊಬೈಲನ್ನು ಕೈಯಿಂದ ಬಿಡಿ, ಕಣ್ಣಿನ ಎತ್ತರಕ್ಕೆ ಶೆಲ್ಫ್ ಮೇಲೆ ನಿಲ್ಲಿಸಿ. ಒಂದು ಕಂತು ಕೂತು ನೋಡಿ, ಮುಂದಿನ ಕಂತಿನ ಮೊದಲ ಹತ್ತು ನಿಮಿಷ ನಿಂತು ನಡೆಯುತ್ತಾ ನೋಡಿ.

ಮಾವ, ಭಾವ ಎಲ್ಲ ಹಾಲ್‌ನಲ್ಲೇ ಕೂತಿರ್ತಾರೆ. ಅವರ ಮುಂದೆ ಹೇಗೆ ಕುಣಿಯೋದು ಮೇಡಂ?

ಈ ಪ್ರಶ್ನೆಯನ್ನು ಎಲ್ಲರೂ ದನಿ ತಗ್ಗಿಸಿಯೇ ಕೇಳುತ್ತಾರೆ. ಮೊದಲ ಉಪಾಯ, ಜಾಗ ಬದಲಿಸಿ. ಅಡುಗೆಮನೆ ಮತ್ತು ಹಾಲ್ ನಡುವಿನ ಬಾಗಿಲಲ್ಲಿ ಎಲ್ಲರ ಹಿಂದೆ ನಿಂತರೆ ಟಿವಿ ಕಾಣುತ್ತದೆ, ನೀವು ಯಾರಿಗೂ ಕಾಣುವುದಿಲ್ಲ. ಹಿಮ್ಮಡಿ ಎತ್ತುವುದು, ಒಂದು ಕಾಲ ಮೇಲೆ ನಿಲ್ಲುವುದು, ಗೋಡೆಗೆ ಕೈ ಊರಿ ದಂಡ ಹೊಡೆಯುವುದು ಎಲ್ಲ ಅಲ್ಲೇ ಆಗುತ್ತದೆ.

ಎರಡನೆಯದು ನಿಧಾನದ ದಾರಿ, ಆದರೆ ಗಟ್ಟಿ. ಅತ್ತೆಯವರನ್ನು ಜೊತೆಗೆ ಕರೆದುಕೊಳ್ಳಿ. "ಅತ್ತೀ, ನಿಮ್ಮ ಮೊಣಕಾಲಿಗೆ ಒಳ್ಳೇದಂತ, ಕೂತಲ್ಲೇ ಕಾಲು ಚಾಚಿ ನೋಡ್ರಿ" ಎಂದು ಶುರು ಮಾಡಿ. ಅವರು ಕಾಲು ಚಾಚುವಾಗ ನೀವು ಎದ್ದು ನಿಂತರೆ ಯಾರೂ ಏನೂ ಅನ್ನುವುದಿಲ್ಲ. ನಮ್ಮ ಓಣಿಯ ಒಂದು ಮನೆಯಲ್ಲಿ ಹೀಗೆ ಶುರುವಾದದ್ದು, ಈಗ ಅತ್ತೆಯೇ ಜಾಹೀರಾತು ಬಂದ ತಕ್ಷಣ ಸೊಸೆಯನ್ನು ಕೂಗುತ್ತಾರೆ.

ಸೀರೆ ಉಟ್ಟುಕೊಂಡೇ ಮಾಡಬಹುದಾ? ನೈಟಿಯಲ್ಲಿ?

ಸೀರೆಯಲ್ಲಿ ಕುರ್ಚಿಯಿಂದ ಏಳುವುದು, ಗೋಡೆಯ ವ್ಯಾಯಾಮ, ಹಿಮ್ಮಡಿ ಎತ್ತುವುದು ಚೆನ್ನಾಗಿ ಆಗುತ್ತದೆ. ನೆರಿಗೆ ಒಂದು ಗೇಣು ಮೇಲೆ ಸಿಕ್ಕಿಸಿಕೊಳ್ಳಿ. ಉದ್ದ ನೈಟಿಯಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು ಮಾತ್ರ ಬೇಡ. ಅಂಚು ಕಾಲಿಗೆ ಸಿಕ್ಕಿ ಬಿದ್ದವರನ್ನು ನೋಡಿದ್ದೇನೆ. ಚೂಡಿದಾರ್ ಎಲ್ಲದಕ್ಕೂ ಸರಿ. ಮೆಟ್ಟಿಲು ಇಲ್ಲವೆಂದು ಹೊಸ್ತಿಲ ಮೇಲೆ ಹತ್ತಿ ಇಳಿಯುವವರೂ ಇದ್ದಾರೆ. ಹೊಸ್ತಿಲು ತುಳಿಯಬಾರದು ಅನ್ನುವ ನಂಬಿಕೆ ಒಂದು ಕಡೆ ಇರಲಿ, ಅದು ಪಾದ ಪೂರ್ತಿ ಊರುವಷ್ಟು ಅಗಲವೇ ಇರುವುದಿಲ್ಲ.

ನಮ್ಮ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ. ಬರಿಗಾಲಲ್ಲಿ ಮಾಡಬಹುದಾ?

ನನ್ನದೇ ಅನುಭವ ಹೇಳುತ್ತೇನೆ. ನಾವು ಮೊದಲಿದ್ದ ಮನೆಯಲ್ಲೂ ಅದೇ ಕಲ್ಲು. ಬೇಸಿಗೆಯಲ್ಲಿ ಕಾಲಿಗೆ ತಂಪು ಎಂದು ಬರಿಗಾಲಲ್ಲಿ ತಿಂಗಳುಗಟ್ಟಲೆ ನಿಂತಲ್ಲೇ ನಡೆದೆ. ಒಂದು ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದರೆ ಹಿಮ್ಮಡಿಗೆ ಮೊಳೆ ಹೊಡೆದಂತೆ ನೋವು. ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆ, ಮರುದಿನ ಮತ್ತೆ ಅದೇ. ಪಾದದ ಅಡಿಯ ಪಟ್ಟಿಗೆ ಊತ ಬಂದಿತ್ತು. ಪೂರ್ತಿ ಹೋಗಲು ಮೂರು ತಿಂಗಳು ಹಿಡಿಯಿತು.

ಕಲ್ಲು ಸ್ವಲ್ಪವೂ ಬಗ್ಗುವುದಿಲ್ಲ, ಹೆಜ್ಜೆಯ ಪೆಟ್ಟೆಲ್ಲ ಹಿಮ್ಮಡಿಗೇ ಬರುತ್ತದೆ. ನಡೆಯುವ ವ್ಯಾಯಾಮಕ್ಕೆ ಮನೆಯೊಳಗೆ ಮಾತ್ರ ಹಾಕುವ ಒಂದು ಜೊತೆ ಬೂಟು ಇಟ್ಟುಕೊಳ್ಳಿ. ಜಮಖಾನ ಮಡಚಿ ಹಾಕಬೇಡಿ, ನುಣುಪು ಕಲ್ಲಿನ ಮೇಲೆ ಅದು ಜಾರುತ್ತದೆ. ಬರೀ ಸಾಕ್ಸ್ ಕೂಡ ಜಾರುತ್ತದೆ. ಮಲಗಿ ಮಾಡುವ ವ್ಯಾಯಾಮಕ್ಕೆ ಜಮಖಾನ ಸಾಕು.

ಏಪ್ರಿಲ್, ಮೇನಲ್ಲಿ ಕೂತರೇ ಬೆವರು ಸುರಿಯುತ್ತೆ. ಆಗಲೂ ಮಾಡಬೇಕಾ?

ನಮ್ಮ ಕಡೆ ಆಗ 40 ಡಿಗ್ರಿ ದಾಟುವುದು ಹೊಸದಲ್ಲ. ಹಗಲೆಲ್ಲ ಕಾದ ಆರ್‌ಸಿಸಿ ಮಾಳಿಗೆ ರಾತ್ರಿ ಒಂಬತ್ತರವರೆಗೂ ಬಿಸಿಯನ್ನು ಒಳಗೆ ಬಿಡುತ್ತಲೇ ಇರುತ್ತದೆ. ಅಂದರೆ ಸೀರಿಯಲ್ ಹೊತ್ತಿಗೆ ಮೇಲಿನ ಮಹಡಿಯ ಖೋಲಿ ಹೊರಗಿಗಿಂತ ಬಿಸಿ. ಆ ಎರಡು ತಿಂಗಳು ವ್ಯಾಯಾಮವನ್ನು ಬೆಳಿಗ್ಗೆ ಮರುಪ್ರಸಾರದ ಹೊತ್ತಿಗೆ ಸರಿಸಿ, ಇಲ್ಲವೇ ಅರ್ಧಕ್ಕೆ ಇಳಿಸಿ.

ಕೂಲರ್ ಹಾಕಿದರೆ ಕಿಟಕಿ ತೆರೆದಿಡಿ. ಕೂಲರ್ ತೇವದ ಗಾಳಿ ಬಿಡುತ್ತದೆ. ಎಲ್ಲ ಮುಚ್ಚಿದರೆ ತೇವ ಅಲ್ಲೇ ತುಂಬಿ ಮೈಯ ಬೆವರು ಆರುವುದಿಲ್ಲ. ಬೆವರು ಆರದೆ ಮೈ ತಣ್ಣಗಾಗುವುದಿಲ್ಲ. ಮುಂಚೆ ಒಂದು ಲೋಟ ನೀರು, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ. ಬಿಪಿ ಇರುವವರು ಉಪ್ಪು ಬಿಡಿ.

ಡಂಬೆಲ್ಸ್ ಕೊಳ್ಳಬೇಕಾ?

ಸದ್ಯಕ್ಕೆ ಬೇಡ. ಒಂದು ಲೀಟರ್ ನೀರಿನ ಬಾಟಲಿ ಒಂದು ಕೆಜಿ. ತೊಗರಿ ಬೇಳೆಯ ಪ್ಯಾಕೆಟ್ಟೂ ಒಂದು ಕೆಜಿ, ಕೈಯಲ್ಲಿ ಜಾರುವುದೂ ಇಲ್ಲ. ಎರಡೂ ಕೈಯಲ್ಲಿ ಬಾಟಲಿ ಇದ್ದಾಗ ಚೂಡಾದ ತಟ್ಟೆಗೆ ಕೈ ಹೋಗುವುದಿಲ್ಲ, ಅದೊಂದು ಲಾಭ.

## ನೋವು, ಬಿಪಿ, ಶುಗರ್

ಮೊಣಕಾಲು ನೋವಿದೆ. ಕೂತೇ ಇರೋದು ಒಳ್ಳೇದಲ್ವಾ?

ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ. ಅದು ಸೊರಗಿದಷ್ಟೂ ಮೈಭಾರ ಕೀಲಿನ ಮೇಲೆ ಬೀಳುತ್ತದೆ. ಸವೆದ ಮೊಣಕಾಲಿಗೆ ತೊಡೆ ಗಟ್ಟಿ ಮಾಡುವುದೇ ಒಳ್ಳೆಯ ಉಪಚಾರಗಳಲ್ಲಿ ಒಂದು. ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದು ಕಾಲನ್ನು ಮುಂದಕ್ಕೆ ಚಾಚಿ. ಪಾದದ ಬೆರಳು ನಿಮ್ಮ ಕಡೆ ಎಳೆದುಕೊಂಡು ಐದು ಎಣಿಸಿ, ನಿಧಾನ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ. ಒಂದು ದೃಶ್ಯವನ್ನೂ ತಪ್ಪಿಸದೆ ಮಾಡಬಹುದಾದ ವ್ಯಾಯಾಮ ಇದು.

ಮಾಡುವಾಗ ಸಣ್ಣ ನೋವು ಇದ್ದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ನೋವು ಜಾಸ್ತಿ ಆಗಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು ಎಂದರ್ಥ, ಅರ್ಧ ಮಾಡಿ. ಮೊಣಕಾಲು ಊದಿ ಬಿಸಿಯಾಗಿದ್ದರೆ ಡಾಕ್ಟರಿಗೆ ತೋರಿಸುವವರೆಗೆ ನಿಲ್ಲಿಸಿ.

ಶುಗರ್ ಇದೆ. ಊಟ ಆದ ಮೇಲೆ ಮಾಡಬಹುದಾ?

ಊಟ ಆದ ಮೇಲೆ ಮಾಡಿದರೇ ಲಾಭ ಜಾಸ್ತಿ. ಕೆಲಸ ಮಾಡುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಊಟದ ನಂತರದ ಏರಿಕೆ ತಗ್ಗುತ್ತದೆ. ಉಂಡು ತಟ್ಟೆ ತೊಳೆದಿಟ್ಟು, ಹತ್ತು ಹದಿನೈದು ನಿಮಿಷ ಟಿವಿ ಮುಂದೆ ನಿಧಾನ ನಡೆದರೆ ಸಾಕು. ಬಗ್ಗಿ ಏಳುವುದು ಆ ಹೊತ್ತಿನಲ್ಲಿ ಬೇಡ.

ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ನುಂಗುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಕೈ ನಡುಗಿ, ತಣ್ಣನೆ ಬೆವರು ಬಂದು, ಎದೆ ಬಡಿತ ಏರಿದರೆ ಸಕ್ಕರೆ ಇಳಿದಿರಬಹುದು. 70ಕ್ಕಿಂತ ಕೆಳಗೆ ಇಳಿದರೆ ಮೂರು ಚಹಾ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಸಕ್ಕರೆ ಡಬ್ಬಿ ಟಿವಿ ಪಕ್ಕದಲ್ಲೇ ಇರಲಿ. ನಮ್ಮ ಅವ್ವನಿಗಾಗಿ ನಾನು ಹಾಗೇ ಇಟ್ಟಿದ್ದೆ. ಕಾಲಿಗೆ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ಮಾಡಲೇಬೇಡಿ.

ಬಿಪಿ ಮಾತ್ರೆ ತಗೋತೀನಿ. ಏನು ಮಾಡಬಾರದು?

ಉಸಿರು ಕಟ್ಟಿ ಬಲ ಹಾಕುವುದು ಬೇಡ. ಉಸಿರು ಹಿಡಿದು ತೂಕ ಎತ್ತಿದರೆ ಆ ಕ್ಷಣಕ್ಕೆ ಬಿಪಿ ಮೇಲೇರುತ್ತದೆ. ಏಳುವಾಗ ಉಸಿರು ಬಿಡಿ, ಕೂರುವಾಗ ಎಳೆದುಕೊಳ್ಳಿ. ಜೋರಾಗಿ ಎಣಿಸುತ್ತಾ ಮಾಡಿದರೆ ಉಸಿರು ಕಟ್ಟಲು ಆಗುವುದೇ ಇಲ್ಲ. ಮಲಗಿ ಮಾಡಿದ ಮೇಲೆ ತಟ್ಟನೆ ಏಳಬೇಡಿ, ಕೆಲವು ಮಾತ್ರೆಗಳಿಂದ ತಲೆ ತಿರುಗಬಹುದು.

ಮಾಡಿದ ಮೇಲೆ ಕತ್ತು ನೋಯುತ್ತೆ. ಯಾಕೆ?

ಟಿವಿ ಒಂದು ಕಡೆ, ಮೈ ಇನ್ನೊಂದು ಕಡೆ ಇರುವುದರಿಂದ. ಮೈ ಟಿವಿಗೆ ನೇರ ಇರಲಿ. ನೆಲದ ಮೇಲೆ ಮಲಗಿ ಮಾಡುವಾಗ ತಲೆ ಎತ್ತಿ ನೋಡಬೇಡಿ, ಕಿವಿಯಿಂದ ಕೇಳಿ. ಅದಕ್ಕೆ ಸುದ್ದಿಯ ಹೊತ್ತು ಚಲೋ.

ಯಾವಾಗ ತಕ್ಷಣ ನಿಲ್ಲಿಸಬೇಕು?

ಎದೆಯಲ್ಲಿ ಒತ್ತಿದ ಹಾಗೆ, ಬಿಗಿದ ಹಾಗೆ ಆದರೆ. ನೋವು ಕೈಗೆ, ದವಡೆಗೆ ಹರಿದರೆ. ಕಣ್ಣು ಕತ್ತಲೆ ಬಂದರೆ. ಕೂತ ಮೇಲೂ ಉಸಿರು ಸಿಗದಿದ್ದರೆ. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ನಮ್ಮ ಅವ್ವನಿಗೆ 68. ಅವಳಿಗೆ ಏನಾದರೂ ಇದೆಯಾ?

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಸುಮಾರು 17 ಇಂಚು ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಅವ್ವ ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯಲ್ಲಿ 65ರಿಂದ 69 ವಯಸ್ಸಿನ ಹೆಂಗಸರಿಗೆ 11ಕ್ಕಿಂತ ಕಡಿಮೆ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ. ಪಕ್ಕದಲ್ಲಿ ನೀವು ನಿಂತಿರಿ.

ಕಡಿಮೆ ಬಂದರೆ ಅದೇ ಪರೀಕ್ಷೆಯನ್ನೇ ವ್ಯಾಯಾಮ ಮಾಡಿ. ಮೊದಲು ಕುರ್ಚಿಯ ಕೈ ಹಿಡಿದು ಐದು ಸಲ. ಜೊತೆಗೆ ಗೋಡೆ ಹಿಡಿದು ಒಂದು ಕಾಲ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು. ಈ ಸಮತೋಲನದ ಅಭ್ಯಾಸ ವಾರಕ್ಕೆ ಮೂರು ದಿನವಾದರೂ ಬೇಕು. ವಯಸ್ಸಾದವರು ಬಚ್ಚಲಲ್ಲಿ ಒಮ್ಮೆ ಬಿದ್ದು ಸೊಂಟ ಮುರಿದುಕೊಂಡರೆ ಮನೆಯ ದಿನಚರಿಯೇ ಬದಲಾಗಿ ಹೋಗುತ್ತದೆ. ಅದನ್ನು ಕಂಡವರಿಗೆ ಈ ಹತ್ತು ಎಣಿಕೆಯ ಬೆಲೆ ಗೊತ್ತು.

## ರೂಢಿ ಆದವರಿಗೆ

ಎರಡು ತಿಂಗಳಾಯ್ತು. ಹೊಟ್ಟೆ ಕರಗಿಲ್ಲ, ತೂಕವೂ ಇಳಿದಿಲ್ಲ.

60 ಕೆಜಿ ಇರುವವರು ಅರ್ಧ ಗಂಟೆ ನಿಂತಲ್ಲೇ ನಡೆದರೆ, ಸುಮ್ಮನೆ ಕೂತದ್ದಕ್ಕಿಂತ ಅಂದಾಜು 75 ಕ್ಯಾಲರಿ ಜಾಸ್ತಿ ಖರ್ಚಾಗುತ್ತದೆ. ಎರಡು ಮಿರ್ಚಿ ಭಜಿ ತಿಂದರೆ ಅಷ್ಟೂ ವಾಪಸ್ ಬರುತ್ತದೆ. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಲ್ಲಿ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬು ಮಾತ್ರ ಕರಗುತ್ತದೆ ಅಂತಿಲ್ಲ, ದೇಹ ಎಲ್ಲ ಕಡೆಯಿಂದ ತೆಗೆಯುತ್ತದೆ. ತಕ್ಕಡಿ ಬಿಟ್ಟು ಬೇರೆ ಅಳತೆ ನೋಡಿ. ಎರಡನೇ ಮಹಡಿ ಹತ್ತಿದಾಗ ಏದುಸಿರು ಕಡಿಮೆಯಾಗಿದೆಯಾ? ನೆಲದಿಂದ ಕೈ ಊರದೆ ಏಳುತ್ತೀರಾ? ಶುಗರ್, ಬಿಪಿ ಹೇಗಿದೆ?

ನಮ್ಮ ಮನೆಯವರು ಕ್ರಿಕೆಟ್, ಕಬಡ್ಡಿ ಬಿಟ್ಟು ಬೇರೆ ನೋಡಲ್ಲ. ಅವರಿಗೇನು?

ಅವರಿಗೆ ಇನ್ನೂ ಸುಲಭ. ಟಿ20ಯ ಒಂದು ಇನ್ನಿಂಗ್ಸ್ 20 ಓವರ್. ಓವರ್ ಮುಗಿದಾಗಲೆಲ್ಲ ಕುರ್ಚಿಯಿಂದ ಐದು ಸಲ ಎದ್ದು ಕೂತರೆ ಇನ್ನಿಂಗ್ಸ್‌ಗೆ ನೂರು ಆಗುತ್ತದೆ. ಮೊದಲ ಪಂದ್ಯಕ್ಕೇ ನೂರು ಮಾಡಬೇಡಿ, ಮರುದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಎರಡರಿಂದ ಶುರು ಮಾಡಿ.

ಕಬಡ್ಡಿ ನನ್ನ ಆಟ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಒಂದು ರೇಡ್ 30 ಸೆಕೆಂಡ್. ನಿಮ್ಮ ತಂಡದವನು ಗೆರೆ ದಾಟಿದ ತಕ್ಷಣ ಗೋಡೆಗೆ ಬೆನ್ನು ಹಚ್ಚಿ, ಕುರ್ಚಿಯಲ್ಲಿ ಕೂತಂತೆ ಅರ್ಧಕ್ಕೆ ಜಾರಿ ನಿಲ್ಲಿ. ಅವನು ವಾಪಸ್ ಬರುವವರೆಗೆ ಏಳಬೇಡಿ. ಬಾಯಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಿರಿ, ಉಸಿರು ಕಟ್ಟುವುದಿಲ್ಲ. ಎದುರಾಳಿಯ ರೇಡ್‌ನಲ್ಲಿ ವಿಶ್ರಾಂತಿ. ಹತ್ತು ರೇಡ್‌ಗೆ ತೊಡೆ ನಡುಗುತ್ತದೆ. ನಮ್ಮ ಶಾಲೆಯ ಹುಡುಗಿಯರು ಇದನ್ನು ಬಹಳ ಇಷ್ಟಪಟ್ಟು ಮಾಡುತ್ತಾರೆ. ಬಿಪಿ ಹತೋಟಿಯಲ್ಲಿ ಇಲ್ಲದವರು ಇದನ್ನು ಬಿಡಬೇಕು.

ಟ್ರೆಡ್‌ಮಿಲ್ ತಗೊಳ್ಳಲಾ, ಸೈಕಲ್ ತಗೊಳ್ಳಲಾ?

ಟಿವಿ ನೋಡುತ್ತಾ ಮಾಡಲು ಸೈಕಲ್ಲೇ ಒಳ್ಳೆಯದು. ಟ್ರೆಡ್‌ಮಿಲ್‌ನಲ್ಲಿ ಗಮನ ಪರದೆಯ ಮೇಲೆ ಹೋದಾಗ ಕಾಲು ತಪ್ಪುತ್ತದೆ. ಕರೆಂಟ್ ಹೋದರೆ ಪಟ್ಟಿ ಹಠಾತ್ ನಿಲ್ಲುತ್ತದೆ, ಮನೆಯ ಸಣ್ಣ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ. ಸೈಕಲ್‌ನಲ್ಲಿ ಬೀಳುವ ಭಯ ಕಡಿಮೆ, ಮೊಣಕಾಲಿಗೆ ಪೆಟ್ಟೂ ಇಲ್ಲ. ಆದರೂ ಮೂರು ತಿಂಗಳು ಬರಿಗೈಯಲ್ಲಿ ಮಾಡಿ, ಆಮೇಲೆ ದುಡ್ಡು ಹಾಕಿ.

ಈಗ ಎಲ್ಲ ಸುಲಭ ಅನ್ನಿಸ್ತಿದೆ. ಮುಂದೇನು?

ಒಂದು ವಾರಕ್ಕೆ ಒಂದನ್ನೇ ಏರಿಸಿ. ಎಣಿಕೆ, ಭಾರ, ಇಲ್ಲವೇ ನಿಧಾನ. ಕುರ್ಚಿಯಿಂದ ಏಳುವುದನ್ನು ಕೈಯಲ್ಲಿ ಎರಡು ಕೆಜಿ ಹಿಡಿದು ಮಾಡಿ. ಗೋಡೆಯ ದಂಡವನ್ನು ಅಡುಗೆ ಕಟ್ಟೆಯ ಎತ್ತರಕ್ಕೆ, ಆಮೇಲೆ ಗಟ್ಟಿ ಮಂಚದ ಎತ್ತರಕ್ಕೆ ಇಳಿಸಿ. ಸ್ನಾಯು ಬಲಪಡಿಸುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇರಲಿ.

"ಟಬಾಟಾ ಮಾಡಲಾ?" ಎಂದು ಹುಡುಗರು ಕೇಳುತ್ತಾರೆ. 20 ಸೆಕೆಂಡ್ ಜೋರು, 10 ಸೆಕೆಂಡ್ ಬಿಡುವು, ಎಂಟು ಸಲ, ಒಟ್ಟು ನಾಲ್ಕು ನಿಮಿಷ. ಜಪಾನಿನ ಇಜುಮಿ ಟಬಾಟಾ ಅವರ 1996ರ ಅಧ್ಯಯನದಿಂದ ಬಂದ ಹೆಸರು. ಅಲ್ಲಿ ಅದನ್ನು ಮಾಡಿದ್ದು ಪಳಗಿದ ಯುವಕರು, ಸೈಕಲ್ ಯಂತ್ರದ ಮೇಲೆ, ಪೂರ್ತಿ ದಣಿಯುವಷ್ಟು ಬಿರುಸಾಗಿ. ಆ ಬಿರುಸಿನಲ್ಲಿ ಟಿವಿ ನೋಡಲು ಆಗುವುದೇ ಇಲ್ಲ. ಬೇಕಾದರೆ ಬೇರೆ ಹೊತ್ತಿನಲ್ಲಿ ಮಾಡಿ.

ಆ ಸೀರಿಯಲ್ ಮುಗಿದು ಹೋಯ್ತು. ಅದರ ಜೊತೆ ರೂಢಿಯೂ ತಪ್ಪಿತು. ಈಗ?

ಇದು ತುಂಬಾ ಜನರಿಗೆ ಆಗಿದೆ. ಜಾತ್ರೆಗೆ ಊರಿಗೆ ಹೋಗಿ ಬಂದ ಮೇಲೆ, ಮನೆಯಲ್ಲಿ ಬಾಣಂತನ ಬಂದಾಗ, ಮಗಳ ಮದುವೆ ಕೆಲಸದಲ್ಲೂ ಹೀಗೇ ಆಗುತ್ತದೆ. ನಿಮ್ಮ ರೂಢಿ ಆ ಕಥೆಗೆ ಅಂಟಿತ್ತು. ಈ ಸಲ ಕಥೆಗೆ ಅಂಟಿಸಬೇಡಿ, ಗಡಿಯಾರಕ್ಕೆ ಅಂಟಿಸಿ. ಏಳೂವರೆ ಅಂದರೆ ಏಳೂವರೆ, ಯಾವ ಚಾನೆಲ್ ಆದರೂ ಸರಿ, ಕರೆಂಟ್ ಹೋಗಿದ್ದರೂ ಸರಿ.

ಎರಡು ವಾರಕ್ಕಿಂತ ಜಾಸ್ತಿ ಬಿಟ್ಟಿದ್ದರೆ ಬಿಟ್ಟ ಜಾಗದಿಂದ ಶುರು ಮಾಡಬೇಡಿ. ಅರ್ಧದಿಂದ ಶುರು ಮಾಡಿ. ಒಮ್ಮೆ ಗಟ್ಟಿಯಾದ ಸ್ನಾಯು ಮತ್ತೆ ಗಟ್ಟಿಯಾಗಲು ಮೊದಲಿನಷ್ಟು ದಿನ ಕೇಳುವುದಿಲ್ಲ. ಇವತ್ತು ರಾತ್ರಿ ಮೊದಲ ಜಾಹೀರಾತಿಗೆ ಐದು ಸಲ ಎದ್ದು ಕೂತರೂ ಆಯಿತು.